ತಲೆಯ ಮೇಲಿಟ್ಟ ಕೈ

ವಸಂತನರಸಾಪುರದ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯಲು ಕೂರುವ ಹೆಂಗಸರು ಬೆಳಿಗ್ಗೆ ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಸಂಜೆ ಹೊರಡುವಾಗ ವಾಪಸ್ಸು. ನಡುವೆ ಯಾರ ಮನೆಯಲ್ಲಿ ಏನೇ ಆದರೂ ಸುದ್ದಿ ಬರುವುದು ಲೈನಿನ ಸೂಪರ್‌ವೈಸರ್ ಫೋನಿಗೆ. ಹಾಗಾಗಿ ನಾಲ್ಕನೇ ಲೈನಿನ ನಲವತ್ತೆರಡು ಮನೆಗಳ ಜ್ವರ, ಹೆರಿಗೆ, ಬಿದ್ದು ಕೈ ಮುರಿದುಕೊಂಡದ್ದು, ಮಗ ಪರೀಕ್ಷೆಯಲ್ಲಿ ಪಾಸಾದದ್ದು ಎಲ್ಲವೂ ಮೊದಲು ಅದರ ಸೂಪರ್‌ವೈಸರ್ ಪ್ರೇಮಲತಾಳ ಕಿವಿಗೆ ಬೀಳುತ್ತಿದ್ದವು.

ಹನ್ನೊಂದು ವರ್ಷದಿಂದ ಆ ಕೆಲಸವನ್ನು ಅವಳು ದೇವರು ಒಪ್ಪಿಸಿದ ಸೇವೆಯೆಂದೇ ಮಾಡಿಕೊಂಡು ಬಂದಿದ್ದಳು. ಗುಬ್ಬಿಯಲ್ಲಿ ಟೀಚರಾಗಿದ್ದ ಅವಳ ತಾಯಿ ಮನೆಯಲ್ಲಿ ಒಂದು ರೂಢಿ ಕಲಿಸಿದ್ದರು: ಯಾರ ಕಷ್ಟ ಕೇಳಿದರೂ ಅವರ ಹೆಸರನ್ನು ಮಾರನೆಯ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೇಳಬೇಕು. ಪ್ರೇಮಲತಾ ತುಮಕೂರಿನ ತನ್ನ ಮನೆಯಲ್ಲಿ ಐದು ಗಂಟೆಗೆ ಎದ್ದು, ಅಡುಗೆಮನೆಯ ಬಾಗಿಲ ಬಳಿ ಮಣೆ ಹಾಕಿಕೊಂಡು, ನಾಲ್ಕನೇ ಲೈನಿನ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಇಡುತ್ತಿದ್ದಳು. ಆ ಹೆಂಗಸರಲ್ಲಿ ಅವಳ ಚರ್ಚಿನ ಸಭೆಗೆ ಸೇರಿದವರು ಒಬ್ಬರೂ ಇರಲಿಲ್ಲ. ಆದರೂ ಮಗುವಿಗೆ ಹಲ್ಲು ನೋವು ಎಂದರೂ ಅವಳ ಬಳಿ ಬರುತ್ತಿದ್ದರು.

"ಮೇಡಂ, ನಮ್ಮೆಜಮಾನ್ರು ಕುಡಿಯೋದ್ ಬಿಡ್ಲಿ ಅಂತ ಪ್ರಾರ್ಥನೆ ಮಾಡಿ ಅಂದಿದ್ನಲ್ಲ."

"ಮಾಡ್ತಾನೇ ಇದೀನಿ ಕಣಮ್ಮ. ಬಿಟ್ರಾ?"

"ಎಲ್ ಬಿಟ್ರು. ಬ್ರ್ಯಾಂಡ್ ಚೇಂಜ್ ಮಾಡವ್ರೆ. ಸ್ವಲ್ಪ ಜೋರಾಗಿ ಮಾಡಿ."

ಹೀಗೆ ನಕ್ಕು ಹೋಗುತ್ತಿದ್ದರು. ಹಿಂದಿನಿಂದ ಅವಳನ್ನು 'ಪ್ರಾರ್ಥನೆ ಮೇಡಂ' ಎನ್ನುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಆ ಹೆಸರು ಅವಳಿಗೆ ಹಿತವಾಗಿತ್ತು. ಎಷ್ಟು ಹಿತವಾಗಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಫೋನು ಬಂತು. ಚೇಳೂರಿನ ಹೆಂಗಸಿನ ದನಿ.

"ಅಮ್ಮಾ, ನಾನು ಪುಟ್ಟತಾಯಮ್ಮ. ಅಮೂಲ್ಯಾನ ಪಕ್ಕದ್ ಮನೆಯೋಳು. ಅವ್ಳಜ್ಜಿ ಭದ್ರಮ್ಮಂಗೆ ಉಸ್ರು ಮೇಲಕ್ ಎಳೀತೈತೆ ಕಣವ್ವ. ಡಾಕ್ಟ್ರು ಬಂದು ನೋಡಿ, ಇನ್ ಎಲ್ಲಿಗೂ ಹೊತ್ಕೊಂಡ್ ಹೋಗ್ಬೇಡಿ, ಬೇಕಾದೋರ್ನ ಕರಿಸ್ಕೊಳಿ ಅಂದ್ಬುಟ್ರು. ಅಜ್ಜಿ 'ಕೂಸು ಬಂತಾ, ಕೂಸು ಬಂತಾ' ಅಂತ ಬಾಗ್ಲೇ ನೋಡ್ತಾವ್ಳೆ. ಬೇಗ ಕಳ್ಸು ನಮ್ಮವ್ವ."

"ಕಳಿಸ್ತೀನಮ್ಮ" ಎಂದಳು ಪ್ರೇಮಲತಾ. ಆ ಕ್ಷಣದಲ್ಲಿ ಅದು ನಿಜವಾದ ಮಾತೇ ಆಗಿತ್ತು.

ಫೋನು ಇಟ್ಟ ಜಾಗದಿಂದ ಅಮೂಲ್ಯಾ ಕೂತಿದ್ದ ಮಷಿನ್ನಿಗೆ ಮೂವತ್ತು ಹೆಜ್ಜೆ. ನಡುವೆ ಫ್ಲೋರ್ ಇನ್‌ಚಾರ್ಜ್ ಶಿವರಾಜ್ ಎದುರಾದ.

"ಮೇಡಂ, ಒಂದು ಗಂಟೆಗೆ ಬೈಯರ್ ಕಡೆಯೋರು ಇನ್‌ಸ್ಪೆಕ್ಷನ್‌ಗೆ ಬರ್ತಾವ್ರೆ, ಎರಡಕ್ಕೆ ಮುಗೀತದೆ. ನಿಮ್ ಲೈನ್‌ನಲ್ಲಿ ಕಾಲರ್ ಹತ್ರಾನೇ ಇನ್ನೂರು ಪೀಸ್ ನಿಂತದೆ. ಇವತ್ತು ಕಾಲರ್‌ಗೆ ಒಬ್ಳೇ ಅಲ್ವಾ?"

"ಒಬ್ಳೇ. ಇನ್ನೊಬ್ಳು ರಜ."

"ಹಂಗಾದ್ರೆ ಆ ಹುಡ್ಗೀನ ಎಬ್ಬಿಸ್ಬೇಡಿ. ನೀರು ಬೇಕಂದ್ರೂ ನಾನೇ ತಂದ್ಕೊಡ್ತೀನಿ" ಎಂದು ನಗುತ್ತ ಹೋದ.

ಶರ್ಟಿಗೆ ಕಾಲರ್ ಕೂರಿಸುವುದು ಎಲ್ಲರ ಕೈಗೆ ಬರುವ ಕೆಲಸವಲ್ಲ. ಅಮೂಲ್ಯಾ ಕೂರಿಸಿದ ಕಾಲರಿನ ಎರಡು ತುದಿಗಳು ಅಳೆದಿಟ್ಟ ಹಾಗೆ ಇರುತ್ತಿದ್ದವು. ಅವಳು ಎದ್ದು ಹೋದರೆ ಇಡೀ ಲೈನು ನಿಲ್ಲುತ್ತದೆ. ಪ್ರೇಮಲತಾ ನಡೆಯುತ್ತಾ ಹೋದಳು. ಆ ಉಳಿದ ಹೆಜ್ಜೆಗಳಲ್ಲಿ ಅವಳಿಗೊಂದು ಯೋಚನೆ ಬಂತು. ಅದು ಕೆಟ್ಟ ಯೋಚನೆಯ ಹಾಗೆ ಬರಲಿಲ್ಲ, ಸಮಾಧಾನದ ಹಾಗೆ ಬಂತು. ದೇವರಿಗೆ ಆಗದ್ದು ಏನಿದೆ? ಎರಡು ಗಂಟೆಯವರೆಗೆ ಆ ಮುದುಕಿಯನ್ನು ಹಿಡಿದಿಡಲು ಆತನಿಗೆ ಕಷ್ಟವೇ? ಇದು ತನ್ನ ನಂಬಿಕೆಯ ಪರೀಕ್ಷೆ ಇರಬೇಕು. ಹಾಗೆಂದುಕೊಂಡಾಗ ಅವಳ ಎದೆ ತಣ್ಣಗಾಯಿತು. ಎದೆ ತಣ್ಣಗಾದದ್ದನ್ನೇ ಅವಳು ಉತ್ತರವೆಂದು ತಿಳಿದಳು.

"ಅಮೂಲ್ಯಾ, ಊರಿಂದ ಫೋನ್ ಬಂದಿತ್ತು. ಅಜ್ಜಿಗೆ ಸ್ವಲ್ಪ ಹುಷಾರಿಲ್ವಂತೆ."

ಮಷಿನ್ನಿನ ಮೇಲಿದ್ದ ಕೈ ನಿಂತಿತು. "ಏನಾಯ್ತು ಮೇಡಂ? ನೆನ್ನೆ ಸುಸ್ತು ಅಂತಿತ್ತು. ಹೋಗ್ಲಾ?"

"ಎರಡು ಗಂಟೆಗೆ ಪಾಸ್ ಬರ್ಕೊಡ್ತೀನಿ ಹೋಗುವಂತೆ. ಅಲ್ಲೀವರೆಗೆ ದೇವರು ನೋಡ್ಕೊಳ್ತಾರೆ. ಬಾ, ಪ್ರಾರ್ಥನೆ ಮಾಡೋಣ."

ಅವಳು ಅಮೂಲ್ಯಾಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಅಕ್ಕಪಕ್ಕದ ಮಷಿನ್ನುಗಳು ತಾವಾಗಿಯೇ ನಿಂತವು. ಅವಳು ಚೆನ್ನಾಗಿ ಪ್ರಾರ್ಥಿಸಿದಳು. ಅಜ್ಜಿಯ ಮೇಲೆ ಕರುಣೆ ಇರಲಿ, ಈ ಮಗಳ ಮನಸ್ಸಿಗೆ ನೆಮ್ಮದಿ ಬರಲಿ ಎಂದು ಬೇಡಿದಳು. ಅಮೂಲ್ಯಾಳ ಕಣ್ಣಿಂದ ನೀರು ಇಳಿಯಿತು. ನಂತರ ಕಣ್ಣೊರೆಸಿಕೊಂಡು ಮತ್ತೆ ಕಾಲರ್ ಕೈಗೆತ್ತಿಕೊಂಡಳು.

ಇನ್‌ಸ್ಪೆಕ್ಷನ್ ಒಂದು ತಕರಾರೂ ಇಲ್ಲದೆ ಮುಗಿಯಿತು. "ಮೇಡಂ, ನಿಮ್ ಪ್ರಾರ್ಥನೆ ಪವರ್ರೇ ಪವರ್ರು" ಎಂದ ಶಿವರಾಜ್. ಎರಡು ಗಂಟೆಗೆ ಸರಿಯಾಗಿ ಪ್ರೇಮಲತಾ ಪಾಸ್ ಬರೆದುಕೊಟ್ಟಳು. ಅಮೂಲ್ಯಾ ಹೈವೇವರೆಗೆ ಓಡಿ, ತುಮಕೂರಿಗೆ ಒಂದು ಬಸ್ಸು, ಗುಬ್ಬಿಗೆ ಒಂದು, ಚೇಳೂರಿಗೆ ಇನ್ನೊಂದು ಹತ್ತಿ ಮನೆ ಸೇರುವಾಗ ನಾಲ್ಕು ಕಾಲಾಗಿತ್ತು. ಭದ್ರಮ್ಮ ಎರಡು ಗಂಟೆಗೇ ಹೋಗಿಬಿಟ್ಟಿದ್ದಳು.

ಹನ್ನೊಂದು ಕಾಲಿಗೆ ಹೊರಟಿದ್ದರೆ ಅಮೂಲ್ಯಾ ಒಂದೂವರೆಗೆ ಅಲ್ಲಿರುತ್ತಿದ್ದಳು. ಈ ಲೆಕ್ಕವನ್ನು ಪ್ರೇಮಲತಾ ಅಂದು ಸಂಜೆ ಒಮ್ಮೆ ಮಾಡಿದಳು. ಮತ್ತೆ ಮತ್ತೆ ಮಾಡಿದಳು. ಎಷ್ಟು ಸಲ ಮಾಡಿದರೂ ಅರ್ಧ ಗಂಟೆ ಉಳಿಯುತ್ತಿತ್ತು.

ಗುರುವಾರ ಮೂರನೆಯ ದಿನದ ಹಾಲುತುಪ್ಪ. ಆ ದಿನ ಸಂಜೆ ಚೇಳೂರಿಗೆ ಹೋಗುವ ಫ್ಯಾಕ್ಟರಿ ವ್ಯಾನಿನಲ್ಲೇ ಪ್ರೇಮಲತಾ ಲೈನಿನ ಆರು ಹೆಂಗಸರನ್ನು ಕರೆದುಕೊಂಡು ಮಾತಾಡಿಸಿಕೊಂಡು ಬರಲು ಹೋದಳು. ಎರಡಂಕಣದ ಹೆಂಚಿನ ಮನೆ. ಅಪ್ಪ ಅಮ್ಮ ಇಬ್ಬರೂ ತೀರಿಹೋದಾಗ ಅಮೂಲ್ಯಾ ಮೂರನೇ ಕ್ಲಾಸು. ಅಲ್ಲಿಂದ ಈಚೆಗೆ ಆ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು, ಇಬ್ಬರೇ.

ಅಮೂಲ್ಯಾ ಗೋಡೆಗೊರಗಿ ಕೂತಿದ್ದಳು. ಪ್ರೇಮಲತಾಳನ್ನು ಕಂಡು ಎದ್ದು ಬಂದು ತಬ್ಬಿಕೊಂಡು ಅತ್ತಳು. "ಬಾಯಿಗೆ ಒಂದ್ ತೊಟ್ಟು ನೀರು ಬಿಡಕ್ಕಾಗ್ಲಿಲ್ಲ ಮೇಡಂ. ನನ್ನ ಸಾಕಿದ್ದೋಳಿಗೆ ಒಂದ್ ತೊಟ್ಟು ನೀರು."

ಸಾಯುವವರ ಬಾಯಿಗೆ ಕೊನೆಯ ನೀರನ್ನು ಹತ್ತಿರದವರ ಕೈ ಬಿಡಬೇಕು. ಅದು ಆ ಸೀಮೆಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ವಿಷಯ. ಭದ್ರಮ್ಮನಿಗೆ ಅದನ್ನು ಬಿಟ್ಟವಳು ಪಕ್ಕದ ಮನೆಯ ಪುಟ್ಟತಾಯಮ್ಮ. ಅವಳು ಜಗಲಿಯ ಆಚೆ ತುದಿಯಲ್ಲಿ, ಒಳಕ್ಕೆ ಬಾರದೆ, ಹೊರಟೂ ಹೋಗದೆ ನಿಂತಿದ್ದಳು. ಅರವತ್ತು ದಾಟಿದ ಒಣಕಲು ಹೆಂಗಸು.

ಅಮೂಲ್ಯಾ ಅವಳತ್ತ ಕೈ ತೋರಿಸಿದಳು. "ಇವ್ರು ಮಾಡಿದ್ದು ನೋಡಿ ಮೇಡಂ. ಫೋನ್ ಮಾಡಿ ಹುಷಾರಿಲ್ಲ ಅಂದವ್ರೆ. ಅಷ್ಟೇ. ಸಾಯ್ತಾವ್ಳೆ ಅಂತ ಬಾಯ್ ಬಿಟ್ಟು ಹೇಳಿದ್ರೆ ನೀವು ಒಂದ್ ನಿಮಿಷ ಇಟ್ಕೊಳ್ತಿದ್ರಾ ನನ್ನ?"

"ನಾನ್ ಹೇಳ್ದೆ ಕಣವ್ವ" ಎಂದಳು ಪುಟ್ಟತಾಯಮ್ಮ. ದನಿ ಬಹಳ ಸಲ ಹೇಳಿ ಸವೆದಂತಿತ್ತು. "ಉಸ್ರು ಎಳೀತೈತೆ ಅಂತ್ಲೇ ಹೇಳ್ದೆ."

"ಸುಳ್ಳು ಹೇಳ್ಬೇಡಿ ಸುಮ್ನಿರಿ! ಮೇಡಂ ಅಂಥೋರಲ್ಲ. ನನ್ ತಲೆ ಮೇಲೆ ಕೈಯಿಟ್ಟು ಅಜ್ಜಿಗೋಸ್ಕರ ಪ್ರಾರ್ಥನೆ ಮಾಡವ್ರೆ. ಇವ್ರೆಲ್ಲ ನೋಡವ್ರೆ. ನೀವು ಮಾತ್ರ, ಕೊನೇ ನೀರು ಬಿಟ್ಟೆ ಅಂತ ಊರಲ್ಲಿ ಹೇಳ್ಕಳಕ್ಕೆ ಹಿಂಗ್ ಮಾಡಿದ್ರಿ."

ಆರು ಹೆಂಗಸರು ಪುಟ್ಟತಾಯಮ್ಮನ ಕಡೆ ತಿರುಗಿ ನೋಡಿದರು. ಒಬ್ಬಳು 'ಛೆ' ಎಂದಳು. ಪುಟ್ಟತಾಯಮ್ಮ ಪ್ರೇಮಲತಾಳ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ 'ಕಳಿಸ್ತೀನಮ್ಮ' ಎಂದಿದ್ದ ದನಿ ಈ ಹೆಂಗಸಿನದೇ ಎಂದು ಮುದುಕಿಗೆ ಗೊತ್ತಿತ್ತು. ಅವಳು ಕಾಯುತ್ತಿದ್ದಳು.

ಪ್ರೇಮಲತಾ ಬಾಯಿ ತೆರೆದಳು. "ಈಗ ಅದೆಲ್ಲ ಯಾಕಮ್ಮ" ಎಂದಳು. "ಮನಸ್ಸು ಸಮಾಧಾನ ಮಾಡ್ಕೊ."

ಪುಟ್ಟತಾಯಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ತನ್ನ ಮನೆಯೊಳಕ್ಕೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಹೆಂಗಸರು ಪುಟ್ಟತಾಯಮ್ಮನ ವಿಷಯವನ್ನೇ ಆಡಿದರು. "ಅದೇನ್ ಗುಂಡಿಗೇನೋ ಆ ಹೆಂಗ್ಸಿಂದು", "ವಯಸ್ಸಾದ್ ಮೇಲೆ ಬುದ್ಧಿ ನೆಟ್ಟಗಿರಲ್ಲ ಬುಡು". ಪ್ರೇಮಲತಾ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಕುಯ್ದು ಕೂಡಿಹಾಕಿದ ರಾಗಿ ಮೆದೆಗಳು ಹೊಲಗಳಲ್ಲಿ ಸಾಲಾಗಿ ಹಿಂದೆ ಹೋಗುತ್ತಿದ್ದವು.

ಅವಳ ಗಂಡ ದಯಾನಂದ ಕುಣಿಗಲ್ ಕಡೆಯವನು. ಮಾರ್ಕೋನಹಳ್ಳಿಯ ಕಾಲುವೆ ಬಯಲಿನಲ್ಲಿ ಪಂಪ್‌ಸೆಟ್ಟುಗಳ ನಡುವೆ ಬೆಳೆದು, ಈಗ ತುಮಕೂರಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಮಾತು ಕಡಿಮೆ. ಸಭೆಯಲ್ಲಿ ಎದ್ದು ಪ್ರಾರ್ಥಿಸಿ ಎಂದರೆ ಬೆವರುತ್ತಿದ್ದ. ಪ್ರೇಮಲತಾಳ ಹಾಗೆ ಪ್ರಾರ್ಥಿಸುವ ಶಕ್ತಿ ತನಗೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಸಂಕೋಚಪಡುತ್ತಿದ್ದ.

ಶನಿವಾರ ಸಂಜೆ ಅವಳು ನೇರವಾಗಿ ಅವನ ಅಂಗಡಿಗೆ ಬಂದು ಮರದ ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಮಡಿಚಿದ ಎರಡು ಹಾಳೆ. ಮರುದಿನ ಸಭೆಯಲ್ಲಿ ಸ್ತ್ರೀಯರ ಭಾನುವಾರ. ಕೆಲಸದ ಜಾಗದಲ್ಲಿ ನಂಬಿಕೆ ಹೇಗೆ ಉಳಿಸಿಕೊಂಡಿದ್ದೇನೆ ಎಂದು ಅವಳು ಸಾಕ್ಷಿ ಹೇಳಬೇಕೆಂದು ಸಭೆಯ ಪಾದ್ರಿ ಅಯ್ಯನವರು ತಿಂಗಳ ಹಿಂದೆಯೇ ಕೇಳಿದ್ದರು.

"ಓದ್ತೀಯಾ? ಕೇಳ್ತೀನಿ" ಎಂದ ದಯಾನಂದ, ಕೈಯಲ್ಲಿದ್ದ ತಾಮ್ರದ ತಂತಿ ಬಿಡದೆ.

ಅವಳು ಓದಲಿಲ್ಲ. ಮಂಗಳವಾರದಿಂದ ನಡೆದದ್ದನ್ನೆಲ್ಲ ಹೇಳಿದಳು. ಫೋನಿನಲ್ಲಿ ಪುಟ್ಟತಾಯಮ್ಮ ಆಡಿದ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ತಾನು ಅಮೂಲ್ಯಾಗೆ ಏನು ಹೇಳಿದೆ ಎಂಬುದನ್ನೂ. ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ.

"ಆ ಹುಡುಗಿಗೆ ನಿಜ ಗೊತ್ತಿಲ್ವಾ?"

"ಇಲ್ಲ. ಹೇಳಿದ್ರೆ ಏನಾಗತ್ತೆ ಗೊತ್ತಾ ರೀ? ನಲವತ್ತೆರಡು ಜನ ಹೆಂಗಸರು. ಒಬ್ರೂ ನಮ್ಮೋರಲ್ಲ. ಹನ್ನೊಂದು ವರ್ಷ ಅವ್ರು ನನ್ನ ನೋಡಿ, ಇವಳ ದೇವರು ಒಳ್ಳೇವ್ನು ಅಂದ್ಕೊಂಡಿದಾರೆ. ಈಗ ಇದು ಗೊತ್ತಾದ್ರೆ ಏನಂತಾರೆ? ಕ್ರಿಸ್ತನ ಹೆಸರು ಹೇಳ್ಕೊಂಡು ಮೋಸ ಮಾಡಿದ್ಲು ಅಂತಾರೆ. ನನ್ ಹೆಸರು ಹೋಗ್ಲಿ. ಆತನ ಹೆಸರಿಗೆ ನಾನು ಮಸಿ ಬಳಿಯೋದಾ?"

ದಯಾನಂದ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ರಸ್ತೆಯಲ್ಲಿ ಎಳನೀರಿನ ಗಾಡಿ ತಳ್ಳಿಕೊಂಡು ಯಾರೋ ಹೋದರು.

"ಪ್ರೇಮಾ, ನಂಗೆ ನಿನ್ನಷ್ಟು ಬೈಬಲ್ ವಾಕ್ಯ ಗೊತ್ತಿಲ್ಲ" ಎಂದ. "ಆದ್ರೆ ಆತನ ಹೆಸರು ಉಳಿಸೋಕೆ ನೀನು ಸುಳ್ಳು ಹೇಳ್ಬೇಕಾಗಿ ಬಂದ್ರೆ, ಅದು ಆತನ ಹೆಸರೇನಾ ಅಂತ."

ಅವಳು ಕೈಯಲ್ಲಿದ್ದ ಹಾಳೆಗಳನ್ನು ಇನ್ನೊಮ್ಮೆ ಮಡಿಚಿದಳು.

"ಮತ್ತೆ ಆ ಪಕ್ಕದ ಮನೆಯಮ್ಮ. ಅವರು ಏನ್ ಮಾಡಿದ್ರು ಪಾಪ?"

ಆ ಪ್ರಶ್ನೆ ಅವಳನ್ನು ತಾಗಿತು. ಐದು ದಿನದಿಂದ ಅವಳು ಅಮೂಲ್ಯಾಗಾಗಿ ಪ್ರಾರ್ಥಿಸಿದ್ದಳು, ತೀರಿಕೊಂಡ ಭದ್ರಮ್ಮನನ್ನು ನೆನೆದಿದ್ದಳು, ತನಗೆ ಕ್ಷಮೆ ಕೇಳಿಕೊಂಡಿದ್ದಳು. ಪುಟ್ಟತಾಯಮ್ಮನ ಹೆಸರನ್ನು ಒಂದು ಸಲವೂ ದೇವರ ಮುಂದೆ ತೆಗೆದಿರಲಿಲ್ಲ. ತೆಗೆದರೆ ಮುಂದೇನು ಹೇಳಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಎಂದಿನಂತೆ ಮಣೆಯ ಮೇಲೆ ಕೂತಳು. ಮಂಗಳವಾರದ ತನ್ನ ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ನೆನೆಸಿಕೊಂಡಳು. ಅಜ್ಜಿ ಎಂದಿದ್ದಳು. ಕರುಣೆ ಎಂದಿದ್ದಳು. ನೆಮ್ಮದಿ ಎಂದಿದ್ದಳು. ಉಸಿರು ಎಂಬ ಮಾತು ಅಲ್ಲಿರಲಿಲ್ಲ. ಸಾವು ಎಂಬ ಮಾತಿರಲಿಲ್ಲ. ಕೈಯ ಕೆಳಗಿದ್ದ ಹುಡುಗಿಗೆ ಕೇಳಿಸಬಾರದ್ದನ್ನೆಲ್ಲ ಬಿಟ್ಟು, ಉಳಿದದ್ದನ್ನು ಮಾತ್ರ ಅವಳು ದೇವರಿಗೆ ಹೇಳಿದ್ದಳು. ಹಾಗಾದರೆ ಅಂದು ತಾನು ಮಾತಾಡಿದ್ದು ಯಾರ ಜೊತೆ? ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳು ಒಂದು ಹೆಸರನ್ನೂ ಹೇಳದೆ ಮಣೆಯಿಂದ ಎದ್ದಳು.

ಗಂಟೆ ಎಂಟೂವರೆಗೆ ದೇವಾಲಯದ ಅಂಗಳದಲ್ಲಿ ಅಯ್ಯನವರು ಕುರ್ಚಿಗಳನ್ನು ಸರಿಪಡಿಸುತ್ತಿದ್ದರು. ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಚಿದ್ದರು.

"ಅಯ್ಯನವರೇ, ಇವತ್ತು ನಾನು ಸಾಕ್ಷಿ ಹೇಳಲ್ಲ."

"ಯಾಕಮ್ಮ? ಗಂಟಲು ಕೆಟ್ಟಿದೆಯಾ?"

"ಒಬ್ಬರಿಗೆ ಅನ್ಯಾಯ ಮಾಡಿದೀನಿ. ಮೊದ್ಲು ಅಲ್ಲಿಗೆ ಹೋಗ್ಬೇಕು. ಆರಾಧನೆಗೂ ಇರೋದಿಲ್ಲ."

ಅಯ್ಯನವರು ಅವಳ ಮುಖ ನೋಡಿದರು. ಏನೆಂದು ಕೇಳಲಿಲ್ಲ. ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟರು. "ಗುಬ್ಬಿ ಬಸ್ಸಾ?"

"ಚೇಳೂರು."

"ಹಾಗಾದ್ರೆ ಹೊರಡಿ. ಭಾನುವಾರ ಬಸ್ಸು ಕಡಿಮೆ" ಎಂದರು. ಅವಳು ಗೇಟು ದಾಟುವಾಗ ಹಿಂದಿನಿಂದ ಕೂಗಿದರು: "ಅಮ್ಮಾ, ಏನಾಗಿತ್ತೋ ಅಷ್ಟೇ ಹೇಳಿ. ಜೊತೆಗೆ ಇನ್ನೇನೂ ಹೇಳ್ಬೇಡಿ."

ಆ ಮಾತು ಬಸ್ಸಿನಲ್ಲಿ ಉದ್ದಕ್ಕೂ ಅವಳ ಜೊತೆ ಬಂತು. ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಇನ್‌ಸ್ಪೆಕ್ಷನ್ ಇತ್ತು, ಶಿವರಾಜ್ ಇದ್ದ, ತನ್ನ ನಂಬಿಕೆ ಇತ್ತು, ಒಳ್ಳೆಯ ಉದ್ದೇಶ ಇತ್ತು. ಗುಬ್ಬಿ ಬರುವಷ್ಟರಲ್ಲಿ ಶಿವರಾಜನನ್ನು ಇಳಿಸಿದಳು. ಚೇಳೂರು ಬರುವಷ್ಟರಲ್ಲಿ ಒಳ್ಳೆಯ ಉದ್ದೇಶವೂ ಇಳಿದುಹೋಗಿತ್ತು.

ಅಮೂಲ್ಯಾ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಿಥಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಪಕ್ಕದ ಮನೆಯ ಅಂಗಳದಲ್ಲಿ ಪುಟ್ಟತಾಯಮ್ಮ ಸಗಣಿ ನೀರು ಹಾಕುತ್ತಿದ್ದಳು. ಎರಡು ಅಂಗಳದ ನಡುವೆ ಗೋಡೆ ಇರಲಿಲ್ಲ. ಆದರೂ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆನ್ನು ಮಾಡಿಕೊಂಡಿದ್ದರು.

"ಮೇಡಂ! ಭಾನುವಾರ ಚರ್ಚ್ ಬಿಟ್ಟು ಬಂದ್ರಾ? ಕೂತ್ಕೊಳಿ, ಕಾಫಿ ಇಡ್ತೀನಿ."

"ಬೇಡಮ್ಮ. ಕಾಫಿ ಬೇಡ." ಪ್ರೇಮಲತಾ ಕೂರಲಿಲ್ಲ. ಪಕ್ಕದ ಅಂಗಳದ ಕಡೆ ತಿರುಗಿದಳು. "ಪುಟ್ಟತಾಯಮ್ಮನೋರೇ, ನೀವೂ ಒಂದ್ ನಿಮಿಷ ಬನ್ನಿ. ನಿಮ್ಮೆದುರಿಗೇ ಹೇಳ್ಬೇಕು."

"ನಂಗ್ಯಾಕವ್ವ? ನಾನು ಸುಳ್ಳಿ" ಎಂದಳು ಪುಟ್ಟತಾಯಮ್ಮ ತಲೆ ಎತ್ತದೆ.

"ನೀವಲ್ಲ. ನಾನು."

ಬಕೆಟ್ಟಿನಲ್ಲಿದ್ದ ಕೈ ಅಲ್ಲೇ ನಿಂತಿತು.

ಪ್ರೇಮಲತಾ ಹೇಳಿದಳು. "ಅಮೂಲ್ಯಾ, ಮಂಗಳವಾರ ಇವರು ನಂಗೆ ಸ್ಪಷ್ಟವಾಗಿ ಹೇಳಿದ್ರು. ಉಸಿರು ಮೇಲಕ್ಕೆ ಎಳೀತಿದೆ ಅಂದ್ರು. ಡಾಕ್ಟ್ರು ಬೇಕಾದವರನ್ನ ಕರಿಸ್ಕೊಳಿ ಅಂದಿದಾರೆ ಅಂದ್ರು. ಬೇಗ ಕಳ್ಸು ಅಂದ್ರು. ಕಳಿಸ್ತೀನಿ ಅಂದೆ. ನಿಂಗೆ ಹೇಳ್ಲಿಲ್ಲ. ಕಾಲರ್ ಕೆಲಸ ನಿಂತೋಗತ್ತೆ ಅಂತ, ಸ್ವಲ್ಪ ಹುಷಾರಿಲ್ಲ ಅಂತ ಹೇಳಿ ನಿನ್ನ ಕೂರಿಸ್ದೆ. ಗುರುವಾರ ಇಲ್ಲಿಗೆ ಬಂದಾಗ್ಲೂ ಬಾಯಿ ಬಿಡ್ಲಿಲ್ಲ."

ಮೊರ ಅಮೂಲ್ಯಾಳ ತೊಡೆಯ ಮೇಲೇ ಇತ್ತು. ಅವಳ ಬೆರಳಲ್ಲಿ ಒಂದು ಕಲ್ಲು ಸಿಕ್ಕಿತ್ತು. ಅದನ್ನು ಬಿಸಾಡದೆ ಹಾಗೇ ಹಿಡಿದುಕೊಂಡಳು.

"ನನ್ ತಲೆ ಮೇಲೆ ಕೈ ಇಟ್ಟಿದ್ರಿ" ಎಂದಳು ಕೊನೆಗೆ.

"ಹೌದು."

"ಕೈ ಇಟ್ಟಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಅಳ್ತಾ ಇದ್ದೆ. ಎಷ್ಟ್ ಒಳ್ಳೇರು ಅಂತ ಅಳ್ತಾ ಇದ್ದೆ ಮೇಡಂ."

ಪ್ರೇಮಲತಾ ತಲೆ ತಗ್ಗಿಸಿದಳು. ಕ್ಷಮಿಸು ಎಂಬ ಮಾತು ನಾಲಗೆಯ ತುದಿಗೆ ಬಂತು. ಈ ಹೊತ್ತಿನಲ್ಲಿ ಅದನ್ನು ಕೇಳುವುದೆಂದರೆ ಈ ಹುಡುಗಿಯಿಂದ ಇನ್ನೂ ಏನನ್ನೋ ಕಿತ್ತುಕೊಂಡಂತೆ ಎನಿಸಿತು. ತಡೆದಳು.

"ತಪ್ಪು ನಂದು" ಎಂದಷ್ಟೇ ಹೇಳಿದಳು.

ಅಮೂಲ್ಯಾ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ದನಿ ಏರಲಿಲ್ಲ. "ನಾನು ಪುಟ್ಟತಾಯತ್ತೆನ ಆರು ಜನರ ಮುಂದೆ ಬಾಯಿಗ್ ಬಂದಂಗೆ ಅಂದೆ. ಆ ಆರು ಜನ ಹೋಗಿ ಲೈನಿಗೆಲ್ಲ ಹೇಳಿರ್ತಾರೆ. ನೀವು ನಾಳೆ ಲೈನಿನ ಮುಂದೆ ನಿಂತು ಇದನ್ನ ಹೇಳ್ತೀರಾ? ಹಿಂಗೇ? ಏನೂ ಸೇರಿಸ್ದೆ?"

"ಹೇಳ್ತೀನಿ. ಬೆಲ್ ಹೊಡೆಯೋಕ್ ಮುಂಚೆ ಹೇಳ್ತೀನಿ."

"ಪ್ರಾರ್ಥನೆ ಗೀರ್ಥನೆ ಮಾಡ್ಬೇಡಿ. ಬರೀ ಹೇಳಿ."

"ಬರೀ ಹೇಳ್ತೀನಿ."

"ಆಯ್ತು." ಅಮೂಲ್ಯಾ ಬಾಗಿಲ ಕಡೆ ತಿರುಗಿದಳು, ನಿಂತಳು. "ಇಷ್ಟು ದೂರ ಬಂದವ್ರಿಗೆ ಊಟ ಮಾಡ್ಕೊಂಡ್ ಹೋಗಿ ಅನ್ನಬೇಕು. ನಂಗೆ ಬಾಯಿ ಬರ್ತಾ ಇಲ್ಲ ಮೇಡಂ." ಒಳಗೆ ಹೋದಳು.

ಅಂಗಳದಲ್ಲಿ ಬಿಸಿಲು ಏರಿತ್ತು. ಪ್ರೇಮಲತಾ ಚಪ್ಪಲಿ ಹುಡುಕಿಕೊಂಡಳು. ವಾಪಸ್ಸು ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

"ಬಾರವ್ವ" ಎಂದಳು ಪುಟ್ಟತಾಯಮ್ಮ. ಸಗಣಿ ಕೈಯನ್ನು ಬಕೆಟ್ಟಿನ ಅಂಚಿಗೆ ಒರೆಸಿ, ತೊಟ್ಟಿಯಲ್ಲಿ ತೊಳೆದುಕೊಳ್ಳುತ್ತಿದ್ದಳು. "ಅವ್ಳಿಗ್ ಬರ್ದಿದ್ರೆ ನಂಗ್ ಬರ್ತದೆ ಬಾಯಿ. ಮುದ್ದೆ ತೊಳಸಿಟ್ಟಿವ್ನಿ. ಅವರೆಕಾಳು ಸಾರು ಐತೆ."

"ಬೇಡಮ್ಮ. ನಿಮ್ಮನೇಲಿ ಊಟ ಮಾಡೋ ಮುಖ ಇಲ್ಲ ನಂಗೆ."

"ಮುಖ ಯಾಕ್ ಬೇಕು ಉಣ್ಣಕ್ಕೆ? ಬಾಯಿದ್ರೆ ಸಾಕು." ಗೊಣಗಿಕೊಂಡೇ ಒಳಗೆ ಕರೆದೊಯ್ದು ಮಣೆ ಹಾಕಿದಳು. "ಐದ್ ದಿನ ಈ ಬೀದಿಯೋರೆಲ್ಲ ನನ್ನ ತಿಂದ್ಬುಟ್ರು ಕಣವ್ವ. ನೀರಿಗೋದ್ರೆ ಮಾತು, ಅಂಗಡಿಗೋದ್ರೆ ಮಾತು. ಗುರುವಾರ ನೀನು ಬಂದಾಗ, ಸದ್ಯ ಬಂದ್ಲು, ಇವ್ಳೊಬ್ಳು ಹೇಳ್ತಾಳೆ ಅಂತ ಕಾದೆ. ನೀನು ಹೇಳ್ನಿಲ್ಲ. ಆವತ್ತು ಬೈದಿವ್ನಿ ನಿಂಗೆ. ಚೆನ್ನಾಗ್ ಬೈದಿವ್ನಿ. ಮಣ್ಣು ತೂರಿ ಶಾಪ ಹಾಕಾಣ ಅಂತ ಅಂಗಳಕ್ಕೂ ಬಂದಿದ್ದೆ."

"ಹಾಕಿದ್ರಾ?"

"ಇಲ್ಲ ಬುಡು. ಬಗ್ಗಕ್ಕೆ ಸೊಂಟ ನೋವು."

ಪ್ರೇಮಲತಾಳಿಗೆ ನಗು ಬರಲಿಲ್ಲ, ಅಳು ಬಂತು. ಪುಟ್ಟತಾಯಮ್ಮ ನೋಡಿಯೂ ನೋಡದವಳಂತೆ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು.

"ಏನವ್ವ ಹಂಗೇ ಕೂತೆ? ನಿಮ್ಮೋರು ಉಣ್ಣಕ್ ಮುಂಚೆ ಕಣ್ ಮುಚ್ಚಲ್ವಾ?"

"ಇವತ್ತು ಆಗಲ್ಲಮ್ಮ."

"ಯಾಕಾಗಲ್ಲ? ಮುಚ್ಕೊ. ಸಾರು ಆರಿದ್ರೆ ಇನ್ನಷ್ಟು ಬಿಡ್ತೀನಿ" ಎಂದು ಪುಟ್ಟತಾಯಮ್ಮ ತಾನೂ ಕೈ ಕಟ್ಟಿಕೊಂಡು ಎದುರಿಗೆ ಕೂತಳು.

ಪ್ರೇಮಲತಾ ಕಣ್ಣು ಮುಚ್ಚಿದಳು. ಮಾತು ಒಂದೂ ಬರಲಿಲ್ಲ. ಬರುವವರೆಗೆ ಕಾಯಲೂ ಇಲ್ಲ. ತಾನು ಅನ್ಯಾಯ ಮಾಡಿದವಳ ಮನೆಯಲ್ಲಿ, ಅವಳು ಬಡಿಸಿದ ತಟ್ಟೆಯ ಮುಂದೆ, ಅವಳಿಂದಲೇ ಹೇಳಿಸಿಕೊಂಡು ಸುಮ್ಮನೆ ಕೂತಳು. ಆ ಸುಮ್ಮನಿರುವಿಕೆಯಲ್ಲಿ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

ಕಣ್ಣು ತೆರೆದಾಗ ಬಾಗಿಲಲ್ಲಿ ಅಮೂಲ್ಯಾ ನಿಂತಿದ್ದಳು. ಅವಳು ಪ್ರೇಮಲತಾಳನ್ನು ನೋಡಲಿಲ್ಲ. ಪುಟ್ಟತಾಯಮ್ಮನನ್ನು ನೋಡುತ್ತಿದ್ದಳು.

"ಅತ್ತೆ."

"ಏನವ್ವ?"

"ಅಜ್ಜಿ ಇನ್ನೇನಂತು? ನಾನು ನಿಮ್ಮನ್ನ ಏನೂ ಹೇಳಕ್ ಬಿಡ್ಲೇ ಇಲ್ಲ."

ಪುಟ್ಟತಾಯಮ್ಮ ಪಕ್ಕದ ನೆಲವನ್ನು ಕೈಯಿಂದ ಸವರಿದಳು. ಅಮೂಲ್ಯಾ ಹೊಸ್ತಿಲು ದಾಟಿ ಬಂದು ಅಲ್ಲಿ ಕೂತಳು.

"ಜಾಸ್ತಿ ಏನಿಲ್ಲ ಕಣವ್ವ. 'ಕೂಸು ಬಂತಾ' ಅಂತ ಬಾಗ್ಲೇ ನೋಡ್ತಿದ್ಲು. ಬರ್ತಾವ್ಳೆ, ಗುಬ್ಬಿಗ್ ಬಂದವ್ಳಂತೆ, ಈಗ ಬಸ್ ಹತ್ತಿದ್ಲಂತೆ ಅಂತ ನಾನೇ ಹೇಳ್ತಿದ್ದೆ. ಸುಳ್ಳೇ. ಏನ್ ಮಾಡ್ಲಿ? ಆಮ್ಯಾಕೆ ಕಣ್ ಮೇಲಕ್ಕೋಯ್ತು. ಲೋಟದಲ್ಲಿ ನೀರು ತಕ್ಕೊಂಡೆ. ನನ್ ಕೈಯಲ್ಲಿ ಬಿಟ್ರೆ ಹೆಂಗೆ, ಇವ್ಳ ಋಣ ಇರೋದು ನನ್ ಜೊತೇಲಲ್ವಲ್ಲ ಅನ್ನಿಸ್ತು. ಅದ್ಕೆ ಅವ್ಳ ಕಿವಿ ಹತ್ರ ಬಗ್ಗಿ, 'ಭದ್ರಕ್ಕಾ, ಅಮೂಲ್ಯಾ ಬಂದವ್ಳೆ, ಕುಡಿ' ಅಂದೆ. ನಿನ್ ಹೆಸ್ರು ಹೇಳೇ ಬಿಟ್ಟೆ ಕಣವ್ವ ನೀರ್ನ. ನುಂಗಿದ್ಲು. ಮೂರು ಗುಟುಕು. ಚೆನ್ನಾಗ್ ನುಂಗಿದ್ಲು."

ಅಮೂಲ್ಯಾ ಪುಟ್ಟತಾಯಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಅದರ ಮೇಲೆ ಹಣೆಯಿಟ್ಟಳು. ಮುದುಕಿ ಎಡಗೈಯಿಂದ ಅವಳ ಬೆನ್ನು ಸವರುತ್ತಾ, "ಉಣ್ಣವ್ವ ನೀನು, ಬಸ್ಸು ಹೊಂಟೋಯ್ತದೆ" ಎಂದು ಪ್ರೇಮಲತಾಳಿಗೆ ಹೇಳಿದಳು.

ಪ್ರೇಮಲತಾ ಮುದ್ದೆ ಮುರಿದಳು.